ಯುವನಿಧಿ ಅರ್ಜಿ ಹಾಕಿದ ಮ್ಯಾಲೆ ರೊಕ್ಕ ನಿಲ್ಲದಂಗ ನೋಡ್ಕೊಳ್ಳೋದು ಹೆಂಗ

ಡಿಗ್ರಿ ಮುಗಿಸಿ ಧಾರವಾಡದ ಸಪ್ತಾಪುರದಾಗ ರೂಮ್ ಹಿಡದು ಪಿಎಸ್‌ಐ, ಎಫ್‌ಡಿಎ ಅಂತ ಓದಾಕತ್ತಿರೋ ಹುಡುಗ್ರಿಗೆ, ಹುಡಿಗ್ಯಾರಿಗೆ ಯುವನಿಧಿ, ಅಂದ್ರ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡೋ ಭತ್ಯೆದಿಂದ ತಿಂಗಳಾ 3000 ರೂಪಾಯಿ ಅಂದ್ರ ಸಣ್ಣ ಮಾತಲ್ಲರಿ. ರೀಡಿಂಗ್ ರೂಮ್ ಫೀ, ಮೆಸ್ ರೊಕ್ಕಕ್ಕ ಆಸರ ಆಗ್ತೈತಿ, ಊರಿಗೆ ಫೋನ್ ಹಚ್ಚಿ ಅಪ್ಪನ ಕಡೆ ಕೈ ಚಾಚೋದು ಕಡಿಮಿ ಆಗ್ತೈತಿ. ಆದ್ರ ಭಾಳ ಮಂದಿ ಅರ್ಜಿ ಹಾಕಿ ಸುಮ್ನ ಕುಂದರ್ತಾರ, ಮುಂದ ರೊಕ್ಕ ಯಾಕ ನಿಂತು ಅಂತ ಗೊತ್ತ ಆಗಂಗಿಲ್ಲ.

ಮೊದಲ ಯಾರಿಗೆ ಬರ್ತೈತಿ ನೋಡ್ರಿ. ಡಿಗ್ರಿ ಆದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಹೆಚ್ಚಂದ್ರ ಎರಡು ವರ್ಷ, ನಡುವ ಕೆಲಸ ಸಿಕ್ರ ಅಲ್ಲಿಗೆ ಬಂದ್. 2022-23ರಾಗ ಪಾಸಾದವರಿಂದ ಶುರುವಾಗಿ ಆಮೇಲೆ ಮುಂದಿನ ಬ್ಯಾಚಿನವರಿಗೂ ಬಂತು. ಪಾಸಾಗಿ 180 ದಿನ ಆಗಿರಬೇಕು, ಅಷ್ಟರಾಗ ಕೆಲಸ ಸಿಕ್ಕಿರಬಾರದು, ಕರ್ನಾಟಕದಾಗ ಕನಿಷ್ಠ ಆರು ವರ್ಷ ವಾಸ ಇದ್ದು ಓದಿರಬೇಕು. ಎಂಎ, ಬಿಎಡ್ ಅಂತ ಮುಂದ ಓದಾಕ ಸೇರಿದ್ರ, ಅಪ್ರೆಂಟಿಸ್ ಅಂತ ಸ್ಟೈಪೆಂಡ್ ತಗೋತಿದ್ರ, ಸರ್ಕಾರಿ ಸಾಲ ತಗೊಂಡು ಸ್ವಂತ ಉದ್ಯೋಗ ಮಾಡ್ತಿದ್ರ ಬರಂಗಿಲ್ಲ.

ಅರ್ಜಿ ಹಾಕೋಕಿಂತ ಮುಂಚೆ ಎರಡು ಕೆಲಸ ಮಾಡ್ಕೋರಿ, ಇದ ಎಲ್ಲಾಕಿಂತ ಮುಖ್ಯ. ಒಂದು, ಡಿಜಿಲಾಕರ್ ತೆಗದು ನಿಮ್ಮ ಸರ್ಟಿಫಿಕೇಟ್ ಬಂದೈತೇನು ನೋಡ್ರಿ, ಯಾಕಂದ್ರ ನೀವು ಪಾಸಾಗಿದ್ದು ಖರೇನೋ ಸುಳ್ಳೋ ಅಂತ ಸರ್ಕಾರ ನೋಡೋದು ವಿಶ್ವವಿದ್ಯಾಲಯ ಎನ್‌ಎಡಿಗೆ (ಸರ್ಟಿಫಿಕೇಟ್ ಇಡೋ ರಾಷ್ಟ್ರೀಯ ಆನ್‌ಲೈನ್ ಭಂಡಾರ) ಏರಿಸಿದ ಡೇಟಾದಿಂದ. ಅದರಾಗ ಇಲ್ಲಂದ್ರ, ಅಥವಾ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಆಧಾರ್ ಹೆಸರಿಗೂ ಇನಿಶಿಯಲ್ ಹೊಂದಂಗಿಲ್ಲಂದ್ರ ಸೀದಾ ಕಾಲೇಜಿಗೋ ಯುನಿವರ್ಸಿಟಿ ಪರೀಕ್ಷಾ ವಿಭಾಗಕ್ಕೋ ಹೋಗಿ ಲಿಖಿತದಾಗ ಅರ್ಜಿ ಕೊಟ್ಟು, ತಗೊಂಡೀವಿ ಅಂತ ಒಂದು ಕಾಪಿ ಮ್ಯಾಲೆ ಸೀಲ್ ಹಾಕಿಸ್ಕೊಂಡ ಬರ್ರಿ, ಬಾಯಿಮಾತಿನಾಗ ಹೇಳಿ ಬಂದ್ರ ಕೆಲಸ ಮುಂದ ಹೋಗಂಗಿಲ್ಲ. ಎರಡು, ಬ್ಯಾಂಕ್. ಕೆವೈಸಿ ಆಗೈತಿ ಅಂದ ಮಾತ್ರಕ್ಕ ಡಿಬಿಟಿ (ಸರ್ಕಾರ ಸೀದಾ ಖಾತೆಗೆ ಹಾಕೋ ರೊಕ್ಕ) ಬರಂಗಿಲ್ಲ, ಆಧಾರ್ ಸೀಡಿಂಗ್, ಅಂದ್ರ ಖಾತೆಗೆ ಆಧಾರ್ ಜೋಡಿಸೋದು, ಬ್ಯಾರೆ ಕೆಲಸ. ಆಧಾರ್ ವೆಬ್‌ಸೈಟಿನಾಗ ಓಟಿಪಿ ಹಾಕಿ ಒಳಗ ಹೋದ್ರ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಐತಿ, ಅಲ್ಲಿ ಯಾವ ಬ್ಯಾಂಕಿನ ಹೆಸರು ತೋರಸ್ತೈತೋ ರೊಕ್ಕ ಅಲ್ಲಿಗೇ ಬೀಳ್ತೈತಿ. ಸ್ಕಾಲರ್‌ಶಿಪ್ಪಿಗಂತ ಹೈಸ್ಕೂಲಿನಾಗ ತೆಗದ ಹಳೇ ಖಾತೆ ಇರಬಹುದು, ಮರ್ತಿರ್ತೀರಿ.

ಅರ್ಜಿ ಸೇವಾ ಸಿಂಧು ಗ್ಯಾರಂಟಿ ಪೋರ್ಟಲ್‌ನಾಗ, ಮೊಬೈಲ್‌ನಿಂದನೂ ಆಗ್ತೈತಿ. ನಿಮಗ ಹಾಕಾಕ ಬರಂಗಿಲ್ಲಂದ್ರ ಹುಬ್ಬಳ್ಳಿ ಧಾರವಾಡದಾಗ ಕರ್ನಾಟಕ ಒನ್, ಹಳ್ಳ್ಯಾಗ ಗ್ರಾಮ ಒನ್ ಅದಾವ.

ಈಗ ಖರೇ ವಿಷಯಕ್ಕ ಬರ್ತೀನಿ. ಸ್ವಯಂ ಘೋಷಣೆ. ನನಗ ಕೆಲಸ ಸಿಕ್ಕಿಲ್ಲ, ಮುಂದ ಓದಾಕತ್ತಿಲ್ಲ, ಕರ್ನಾಟಕದಾಗ ಅದೀನಿ ಅಂತ ಅದ ಪೋರ್ಟಲ್‌ನಾಗ ಆಧಾರ್ ಓಟಿಪಿಯಿಂದ ಹೇಳಬೇಕು. ಮೊದಲ ಪ್ರತಿ ತಿಂಗಳು 25ರೊಳಗ ಅಂತ ಇತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಿದ್ರು, ಅದಕ್ಕ ಪೋರ್ಟಲ್‌ನಾಗ ನಿಮ್ಮ ಹೆಸರಿಗೆ ಯಾವಾಗ ತೋರಸ್ತೈತಿ ನೋಡಿ ಮೊಬೈಲ್‌ನಾಗ ರಿಮೈಂಡರ್ ಇಟ್ಕೋರಿ. ಇದನ್ನ ಬಿಟ್ರ ರೊಕ್ಕ ಬರಂಗಿಲ್ಲ. ಆಧಾರಿಗೆ ಲಿಂಕ್ ಇರೋ ಸಿಮ್ ಕಳಕೊಂಡಿದ್ರ ಓಟಿಪಿನ ಬರಂಗಿಲ್ಲ, ಆಧಾರ್ ಕೇಂದ್ರಕ್ಕ ಹೋಗಿ ನಂಬರ್ ಬದಲಿ ಮಾಡಿಸ್ರಿ, ಕೊನೇ ದಿನದ ತನಕ ತಡಿಬ್ಯಾಡ್ರಿ. ಕೆಲಸ ಸಿಕ್ಕಮ್ಯಾಲೂ ಇಲ್ಲ ಅಂತ ಘೋಷಣೆ ಕೊಡೋದು ಮಾತ್ರ ಮಾಡಬ್ಯಾಡ್ರಿ, ಸುಳ್ಳು ಅಂತ ಗೊತ್ತಾದ್ರ ದಂಡ, ಕ್ರಮ ಐತಿ, ಪಿಎಫ್ ಕಟ್ಟಾಕ ಶುರುವಾದ್ರ ಅದು ಮುಚ್ಚಿಡೋ ವಿಷಯನೂ ಅಲ್ಲ.

ಕೆಲಸ ಹುಡಕಾಕ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಾಗ ಹೆಸರು ಹಚ್ಚಿ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಕಡೆ ಒಮ್ಮೆ ಹೋಗಿ ಬರ್ರಿ, ಉದ್ಯೋಗ ಮೇಳದ ಸುದ್ದಿ, ಯುವನಿಧಿ ತಕರಾರು ಎರಡೂ ಅಲ್ಲೇ ಕೇಳಬಹುದು.

ಇನ್ನ ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ದುಡದು ಕೆಲಸ ಕಳಕೊಂಡ ಅಣ್ಣಾರಿಗೆ ಯುವನಿಧಿ ಅಲ್ಲ, ಇಎಸ್‌ಐದ (ಪಗಾರದಾಗ ಕಟ್ ಆಗೋ ಕಾರ್ಮಿಕರ ವಿಮೆ) ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನಾ ಐತಿ. ಇಎಸ್‌ಐ ಕಟ್ ಆಗ್ತಿದ್ದವರಿಗೆ ಸರಾಸರಿ ದಿನದ ಪಗಾರದ ಅರ್ಧ, ಹೆಚ್ಚಂದ್ರ 90 ದಿನ, ಜೀವನದಾಗ ಒಂದ ಸಲ. ಕೆಲಸ ಹೋಗಿ 30 ದಿನ ಆದಮ್ಯಾಲೆ ನೀವ ಇಎಸ್‌ಐ ಪೋರ್ಟಲ್‌ನಾಗ ಕ್ಲೇಮ್ ಹಾಕಬಹುದು, ಮಾಲಕರ ಮುಂದ ನಿಂದ್ರೋದು ಬೇಕಾಗಿಲ್ಲ. ದುರ್ನಡತೆ ಅಂತ ತೆಗದಿದ್ರ, ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡಿದ್ರ ಸಿಗಂಗಿಲ್ಲ. ಈ ಯೋಜನಾ ಅವಾಗವಾಗ ಮುಂದುವರಿಸ್ಕೋತ ಬಂದಾರ, ಅದಕ್ಕ ಈಗ ಚಾಲ್ತಿ ಐತೇನು, ನಿಮ್ಮ ಕಾಂಟ್ರಿಬ್ಯೂಷನ್ ದಿನಗಳು ಸಾಲ್ತಾವೇನು ಅಂತ ಬ್ರಾಂಚ್ ಆಫೀಸಿನಾಗ ಕೇಳ್ರಿ, ಹೋಗುವಾಗ ಇಎಸ್‌ಐ ನಂಬರ್, ಆಧಾರ್, ಪಾಸ್‌ಬುಕ್ ಮೂರೂ ಕೈಯಾಗ ಇರ್ಲಿ.