ಹಿಮದ ದಾರಿಗೆ ಮಗುವಿನ ಗಾಡಿ: ಮೊದಲು ಬಗ್ಗಿ ಚಕ್ರ ನೋಡಿ

ಹಿಮ ಬೀಳುವ ಊರಿನಲ್ಲಿ ಮಗುವಿಗೆ ತಳ್ಳುಗಾಡಿ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಬಗ್ಗಿ ಚಕ್ರ ನೋಡಬೇಕು. ಬಟ್ಟೆಯ ಬಣ್ಣ, ಲೋಟ ಇಡುವ ಜಾಗ, ಒಂದೇ ಕೈಯಲ್ಲಿ ಮಡಚುವ ಸೌಕರ್ಯ ಎಲ್ಲವೂ ಆಮೇಲೆ. ಬೆಚ್ಚಗಿನ ಹೊದಿಕೆಯನ್ನು ಯಾವಾಗ ಬೇಕಾದರೂ ಕೊಂಡು ಸೇರಿಸಬಹುದು, ಮಳೆಹೊದಿಕೆ ಹರಿದರೆ ಇನ್ನೊಂದು ತರಬಹುದು. ಚಕ್ರ, ಅಚ್ಚು, ಬ್ರೇಕು ಮಾತ್ರ ಗಾಡಿಯ ಜೊತೆಗೇ ಬರುವಂಥವು. ಅವು ಹಿಮಕ್ಕೆ ಒಗ್ಗದಿದ್ದರೆ ಇಡೀ ಚಳಿಗಾಲ ಒದ್ದಾಡಬೇಕಾಗುತ್ತದೆ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಹಿಮದಲ್ಲಿ ತಿರುಗಾಡಿಸಿದವಳಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಪೇಟೆಯಲ್ಲಿ ಸಿಗುವ ಹಗುರವಾದ ಗಾಡಿಗಳಿಗೆ ಹದಿನೈದು ಸೆಂಟಿಮೀಟರ್ ಆಸುಪಾಸಿನ ಗಟ್ಟಿ ಪ್ಲಾಸ್ಟಿಕ್ ಚಕ್ರಗಳಿರುತ್ತವೆ. ನುಣುಪಾದ ನೆಲದ ಮೇಲೆ ಅವು ಸೊಗಸಾಗಿ ಓಡುತ್ತವೆ. ನಾಲ್ಕು ಬೆರಳು ಹಿಮ ಬಿದ್ದರೆ ಸಾಕು, ಉಸುಕಿನಲ್ಲಿ ಸಿಕ್ಕಿಕೊಂಡ ಸೈಕಲ್ಲಿನಂತೆ ನಿಂತುಬಿಡುತ್ತವೆ. ಚಿಕ್ಕ ಚಕ್ರ ಹಿಮದ ಮೇಲೆ ಏರುವುದಿಲ್ಲ, ಅದನ್ನು ಮುಂದಕ್ಕೆ ದೂಡುತ್ತಾ ಹೋಗುತ್ತದೆ. ದೂಡಿದ ಹಿಮವೇ ಗುಡ್ಡೆಯಾಗಿ ಅದಕ್ಕೆ ಅಡ್ಡ ನಿಲ್ಲುತ್ತದೆ. ಕೆಲವು ಗಾಡಿಗಳಲ್ಲಿ ಪ್ರತಿ ಕಾಲಿಗೂ ಅಕ್ಕಪಕ್ಕ ಎರಡೆರಡು ಸಣ್ಣ ಚಕ್ರಗಳಿರುತ್ತವೆ. ಅವುಗಳ ನಡುವಿನ ಸಂದಿಯಲ್ಲಿ ಹಿಮ ತುಂಬಿ ಗಟ್ಟಿಯಾದರೆ ಚಕ್ರ ತಿರುಗುವುದೇ ಇಲ್ಲ. ಹಿಮದ ಊರಿಗೆ ಅಂಥದ್ದನ್ನು ಖಂಡಿತ ಬೇಡ ಎನ್ನುತ್ತೇನೆ.

ನೋಡಬೇಕಾದದ್ದು ಗಾಳಿ ತುಂಬುವ ರಬ್ಬರ್ ಟೈರು. ಹಿಂದಿನ ಚಕ್ರ ಕಡಿಮೆಯೆಂದರೆ 30 ಸೆಂಟಿಮೀಟರ್, ಅಂದರೆ 12 ಇಂಚು ವ್ಯಾಸದ್ದಿರಲಿ. ಓಡುವವರಿಗಾಗಿ ಮಾಡಿದ ಮೂರು ಚಕ್ರದ ಗಾಡಿಗಳಲ್ಲಿ 16 ಇಂಚಿನವೂ ಸಿಗುತ್ತವೆ. ಟೈರಿನ ಮೇಲೆ ಆಳವಾದ ಕಚ್ಚುಗಳಿವೆಯೇ ಎಂದು ಬೆರಳಾಡಿಸಿ ನೋಡಿ. ಗಾಳಿಯ ಬದಲು ಫೋಮ್ ತುಂಬಿದ ಟೈರುಗಳಿಗೆ ಪಂಕ್ಚರ್ ಭಯವಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಕಡು ಚಳಿಯಲ್ಲಿ ಫೋಮ್ ಬಿರುಸಾಗುತ್ತದೆ, ನೆಲದ ಕುಲುಕಾಟವೆಲ್ಲ ಮಗುವಿನ ಬೆನ್ನಿಗೆ ಬರುತ್ತದೆ. ಜಾರದಿರಲೆಂದು ದಾರಿಗೆ ಚೂಪಾದ ಜಲ್ಲಿ ಎರಚುವ ಕಡೆ ಮಾತ್ರ ಆ ಆಯ್ಕೆಯನ್ನು ಒಪ್ಪುತ್ತೇನೆ. ಉಳಿದೆಡೆ ಗಾಳಿಯ ಟೈರೇ ಮೇಲು, ಜೊತೆಗೊಂದು ಪುಟ್ಟ ಕೈಪಂಪು.

ಗಾಳಿಯ ವಿಷಯದಲ್ಲಿ ಒಂದು ಮಾತು ನೆನಪಿರಲಿ. ಚಳಿಗೆ ಗಾಳಿ ಕುಗ್ಗುತ್ತದೆ. ಮನೆಯೊಳಗಿನ 20 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆಯಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ ಟೈರು, ಹೊರಗೆ ಮೈನಸ್ 10ರಲ್ಲಿ ಸುಮಾರು 25ಕ್ಕೆ ಇಳಿಯುತ್ತದೆ. ಟೈರು ಸೋರುತ್ತಿದೆ ಎಂದು ಗಾಬರಿಯಾಗಬೇಕಿಲ್ಲ. ಮೆತ್ತನೆಯ ಹಿಮದಲ್ಲಿ ಸ್ವಲ್ಪ ತಗ್ಗಿದ ಟೈರು ಅಗಲವಾಗಿ ಕೂತು ಚೆನ್ನಾಗಿಯೇ ಸಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಒಳಗಿನ ಲೋಹದ ಬಳೆ ತಾಗುವಂತಿದ್ದರೆ ಮಾತ್ರ ಗಾಳಿ ಹೊಡೆಯಿರಿ. ಟೈರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಒತ್ತಡವನ್ನು ಯಾವತ್ತೂ ಮೀರಬೇಡಿ.

ಮೂರು ಚಕ್ರವೋ ನಾಲ್ಕೋ ಎಂದು ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಚಕ್ರ ದೊಡ್ಡದಿದ್ದರೆ ಎರಡೂ ನಡೆಯುತ್ತವೆ. ಮೂರರದ್ದರಲ್ಲಿ ಹಿಡಿಯನ್ನು ಒತ್ತಿ ಮುಂಚಕ್ರವನ್ನು ಎತ್ತಿ ಹಿಮದ ದಿಬ್ಬ ದಾಟಿಸುವುದು ಸುಲಭ. ನಾಲ್ಕರದ್ದರಲ್ಲಿ ಮುಂಚಕ್ರ ಕೊರೆದ ಗಾಡಿಜಾಡಿನಲ್ಲೇ ಹಿಂಚಕ್ರ ಬರುತ್ತದೆ, ಅಡ್ಡಕ್ಕೂ ಬೇಗ ವಾಲುವುದಿಲ್ಲ. ಯಾವುದಾದರೂ ಇರಲಿ, ಅತ್ತಿತ್ತ ತಿರುಗುವ ಮುಂಚಕ್ರವನ್ನು ನೇರಕ್ಕೆ ನಿಲ್ಲಿಸಿ ಬಿಗಿಯುವ ಕೀಲಿ ಇರಲೇಬೇಕು. ಆ ಕೀಲಿ ಇಲ್ಲದ ಗಾಡಿಯ ಮುಂಚಕ್ರ ಹಿಮದಲ್ಲಿ ಅಡ್ಡಡ್ಡ ತಿರುಗಿ ನೇಗಿಲಿನಂತೆ ನೆಟ್ಟುಕೊಳ್ಳುತ್ತದೆ. ಹಿಮ ತೀರ ಆಳವಾದಾಗ ಗಾಡಿಯನ್ನು ಹಿಂದುಮುಂದಾಗಿಸಿ ಎಳೆಯಿರಿ. ದೊಡ್ಡ ಚಕ್ರ ಮೊದಲು ದಾರಿ ಮಾಡುತ್ತದೆ, ಚಿಕ್ಕದು ಹಿಂಬಾಲಿಸುತ್ತದೆ. ತಳ್ಳಿದರೆ ಅಲುಗದ ಗಾಡಿ ಎಳೆದಾಗ ಸಲೀಸಾಗಿ ಬರುತ್ತದೆ. ಕೆಳಗಿನ ಸಾಮಾನಿನ ಬುಟ್ಟಿ ನೆಲಕ್ಕೆ ತೀರ ಹತ್ತಿರವಿದ್ದರೆ ಅದೇ ಹಿಮವನ್ನು ಮೊಗೆಯುತ್ತದೆ, ಆದ್ದರಿಂದ ಅದರ ಎತ್ತರವನ್ನೂ ನೋಡಿಕೊಳ್ಳಿ.

ಬ್ರೇಕಿನ ಬಗ್ಗೆ ಒಂದು ತಪ್ಪು ಧೈರ್ಯ ಅನೇಕರಿಗಿದೆ. ಬ್ರೇಕು ಚಕ್ರ ತಿರುಗುವುದನ್ನು ನಿಲ್ಲಿಸುತ್ತದೆಯೇ ಹೊರತು ಗಾಡಿ ಜಾರುವುದನ್ನು ತಡೆಯುವುದಿಲ್ಲ. ಇಳಿಜಾರಿನ ಮಂಜುಗಡ್ಡೆಯ ಮೇಲೆ ಬ್ರೇಕು ಹಾಕಿದ ಗಾಡಿಯೂ ಹಾಗೆಯೇ ಸರಿಯುತ್ತದೆ. ಹಿಡಿಗೆ ಕಟ್ಟಿದ ಮಣಿಕಟ್ಟಿನ ಪಟ್ಟಿ ಹಿಮದ ಊರಿನಲ್ಲಿ ಅತ್ಯಗತ್ಯ. ಪಟ್ಟಿಯನ್ನು ಕೈಗೆ ಹಾಕಿಕೊಳ್ಳದೆ ಹೆಜ್ಜೆ ಇಡಬೇಡಿ. ನಿಲ್ಲುವಾಗ ಗಾಡಿಯ ಮುಖ ಇಳಿಜಾರಿಗೆ ಅಡ್ಡವಾಗಿರಲಿ, ಒಂದು ಕೈ ಹಿಡಿಯ ಮೇಲೆಯೇ ಇರಲಿ. ಸಾಮಾನಿನ ಚೀಲಗಳನ್ನು ಹಿಡಿಗೆ ನೇತುಹಾಕುವ ಅಭ್ಯಾಸ ಒಣ ನೆಲದಲ್ಲೇ ಒಳ್ಳೆಯದಲ್ಲ, ಜಾರುವ ನೆಲದಲ್ಲಂತೂ ಗಾಡಿ ಹಿಂದಕ್ಕೆ ಮಗುಚಲು ಅದೊಂದೇ ಸಾಕು. ಭಾರವೆಲ್ಲ ಕೆಳಗಿನ ಬುಟ್ಟಿಗೆ ಹೋಗಲಿ.

ಇನ್ನು ಮಗು ಮಲಗುವ ಜಾಗ. ತಾನಾಗಿ ಕೂರಲು ಬಾರದ ಕೂಸಿಗೆ ಚಪ್ಪಟೆಯಾಗಿ ಮಲಗಿಸುವ ತೊಟ್ಟಿಲಿನ ಪೆಟ್ಟಿಗೆ ಬೇಕು. ಸುತ್ತ ಗೋಡೆಯಿರುವುದರಿಂದ ಗಾಳಿ ಒಳಹೊಗುವುದಿಲ್ಲ, ಬೆನ್ನಿನಡಿಯೂ ಬೆಚ್ಚಗಿರುತ್ತದೆ. ಕಾರಿನ ಸೀಟನ್ನೇ ಗಾಡಿಯ ಚೌಕಟ್ಟಿಗೆ ಸಿಕ್ಕಿಸಿ ಗಂಟೆಗಟ್ಟಲೆ ಓಡಾಡಿಸುವುದು ಬೇಡ. ಅದರಲ್ಲಿ ಎಳೆ ಕೂಸಿನ ತಲೆ ಎದೆಯ ಮೇಲೆ ಬಾಗಿ ಉಸಿರಿನ ದಾರಿ ಕಿರಿದಾಗಬಹುದು. ಕೂರುವ ಮಗುವಿಗಾದರೆ ಆಸನ ತಳ್ಳುವವರ ಕಡೆಗೆ ತಿರುಗುವಂತಿರಲಿ. ಎದುರುಗಾಳಿಗೆ ಮಗು ಬೆನ್ನು ಕೊಡುತ್ತದೆ, ಅದರ ಮುಖ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಚಳಿಯಲ್ಲಿ ಈ ಎರಡನೆಯದು ಇನ್ನೂ ಮುಖ್ಯ.

ಏಕೆಂದರೆ ಗಾಡಿ ತಳ್ಳುವ ನಿಮಗೆ ಬೆವರು ಬರುತ್ತಿದ್ದರೂ ಅಲುಗಾಡದೆ ಕುಳಿತ ಮಗುವಿಗೆ ನಡುಕ ಬರಬಹುದು. ನಿಮ್ಮ ಚಳಿಯನ್ನು ನೋಡಿ ಅದರ ಚಳಿ ಅಳೆಯಬೇಡಿ. ಅಂಗೈ ಅಂಗಾಲು ಮುಟ್ಟಿ ನೋಡಿದರೂ ಪ್ರಯೋಜನವಿಲ್ಲ, ಮಕ್ಕಳ ಮೈ ಬೆಚ್ಚಗಿರುವಾಗಲೂ ಅವು ತಣ್ಣಗಿರುತ್ತವೆ. ಕತ್ತಿನ ಹಿಂಭಾಗಕ್ಕೆ ಎರಡು ಬೆರಳು ತೂರಿಸಿ ಮುಟ್ಟಿ. ಬೆಚ್ಚಗೆ, ಒಣಗಿದ್ದರೆ ಸರಿ. ಒದ್ದೆಯಾಗಿದ್ದರೆ ಹೊದಿಕೆ ಹೆಚ್ಚಾಯಿತು, ತಣ್ಣಗಿದ್ದರೆ ಕಡಿಮೆಯಾಯಿತು. ನೀವು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ಎಂಬುದು ಮಗುವಿಗೆ ಸರಿಯಾದ ಲೆಕ್ಕ. ಸಡಿಲ ಕಂಬಳಿಗಿಂತ ಕಾಲಿನಿಂದ ಎದೆಯವರೆಗೆ ಬರುವ ಚೀಲದಂಥ ಹೊದಿಕೆ ಒಳ್ಳೆಯದು, ಬೆನ್ನಿನ ಕಡೆ ಸೊಂಟಪಟ್ಟಿಗಳು ಹೊರಬರಲು ಸೀಳುಗಳಿರಬೇಕು. ಮಗು ಒದ್ದರೂ ಅದು ಜಾರುವುದಿಲ್ಲ, ಮುಖದ ಮೇಲೂ ಬರುವುದಿಲ್ಲ. ದಪ್ಪ ಜಾಕೆಟ್ ತೊಡಿಸಿದ ಮಗುವನ್ನು ಅದೇ ವೇಷದಲ್ಲಿ ಕಾರಿನ ಸೀಟಿಗೆ ಕಟ್ಟಬೇಡಿ. ಜಾಕೆಟ್ಟಿನ ಉಬ್ಬು ಅಪಘಾತದಲ್ಲಿ ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತದೆ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಗಾಳಿ ಬೀಸುತ್ತಿದೆ ಎಂದು ಗಾಡಿಯ ಬಾಯಿಗೆ ಕಂಬಳಿಯನ್ನೋ ಶಾಲನ್ನೋ ಅಡ್ಡ ಹಾಕಿ ಮುಚ್ಚುವವರನ್ನು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಒಳಗಿನ ಗಾಳಿ ಹೊರಳುವುದಿಲ್ಲ, ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಒಳಗೆ ಕಾವು ಏರುತ್ತದೆ, ಮಗುವಿನ ಮುಖ ಯಾರಿಗೂ ಕಾಣುವುದಿಲ್ಲ. ಚಾವಣಿ ಚೆನ್ನಾಗಿ ಮುಂದಕ್ಕೆ ಬಾಗುವಂತಿರಲಿ, ಗಾಳಿಗೆ ಅದು ಸಾಕು. ಹಿಮ ಸುರಿಯುವಾಗ ಗಾಡಿಗೆಂದೇ ಮಾಡಿದ, ಪಕ್ಕದಲ್ಲಿ ಗಾಳಿಕಿಂಡಿಗಳಿರುವ ಪಾರದರ್ಶಕ ಹೊದಿಕೆ ಹಾಕಿ. ಅಗ್ಗದ ಪಿವಿಸಿ ಹೊದಿಕೆಗಳು ಚಳಿಗೆ ಸೆಟೆದು ಮಡಚಿದಲ್ಲೇ ಬಿರಿಯುತ್ತವೆ, ಕೊಳ್ಳುವಾಗ ಯಾವ ಪ್ಲಾಸ್ಟಿಕ್ ಎಂದು ಕೇಳಿ. ಅಂಗಡಿ, ಬಸ್ಸು, ಮನೆ, ಹೀಗೆ ಬೆಚ್ಚಗಿನ ಜಾಗಕ್ಕೆ ಕಾಲಿಟ್ಟ ಕೂಡಲೇ ಹೊದಿಕೆ ತೆಗೆದು ಚೀಲದ ಜಿಪ್ ಬಿಚ್ಚಿ, ಮಗು ನಿದ್ದೆಯಲ್ಲಿದ್ದರೂ ಸರಿ. ಎಚ್ಚರವಾದರೆ ಆಗಲಿ.

ಹೊರಡುವ ಮೊದಲು ಉಷ್ಣಾಂಶದ ಜೊತೆಗೆ ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಿದ ಸಂಖ್ಯೆಯನ್ನು ನೋಡಿ. ಕೆನಡಾದ ಹವಾಮಾನ ಇಲಾಖೆಯ ಕೋಷ್ಟಕದಂತೆ ಆ ಸಂಖ್ಯೆ ಮೈನಸ್ 28ಕ್ಕೆ ಇಳಿದರೆ 10ರಿಂದ 30 ನಿಮಿಷಗಳಲ್ಲಿ ತೆರೆದ ಚರ್ಮ ಹೆಪ್ಪುಗಟ್ಟಬಹುದು. ಮಗುವನ್ನು ಅದಕ್ಕೆ ಬಹಳ ಮೊದಲೇ ಮನೆಯಲ್ಲಿ ಇಟ್ಟುಕೊಳ್ಳಬೇಕು. ಬಿಸಿಲಿರುವ ದಿನವೂ ಎಚ್ಚರ ಬೇಕು. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ಹಿಂದಕ್ಕೆ ಎಸೆಯಬಲ್ಲದು, ಚಾವಣಿಯ ನೆರಳಿದ್ದರೂ ಕೆಳಗಿನಿಂದ ಬೆಳಕು ಹೊಡೆಯುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ದಪ್ಪ ಕೈಗವಸು ಹಾಕಿಕೊಂಡೇ ಪರೀಕ್ಷಿಸಿ. ಆ ಕೈಯಲ್ಲಿ ಬಕಲ್ ಬಿಚ್ಚಲು ಆಗುತ್ತದೆಯೇ, ಮಡಚುವ ಕೀಲಿ ಎಳೆಯಲು ಆಗುತ್ತದೆಯೇ, ಬೂಟು ತೊಟ್ಟ ಕಾಲಿಗೆ ಬ್ರೇಕಿನ ಹಲಗೆ ಸಿಗುತ್ತದೆಯೇ? ದೊಡ್ಡ ಚಕ್ರದ ಗಾಡಿಗಳು 11ರಿಂದ 14 ಕಿಲೋ ತೂಗುತ್ತವೆ, ಮೆಟ್ಟಿಲಿನ ಮನೆಯವರು ಒಮ್ಮೆ ಎತ್ತಿ ನೋಡಬೇಕು. ಮನೆಯ ಬಾಗಿಲು, ಲಿಫ್ಟು, ಕಾರಿನ ಡಿಕ್ಕಿಯ ಅಳತೆಯನ್ನು ಬರೆದುಕೊಂಡು ಹೋಗಿ. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದ ಬೆಳಕು ಪ್ರತಿಫಲಿಸುವ ಪಟ್ಟಿಗಳೂ ಬೇಕು, ಇಲ್ಲದಿದ್ದರೆ ನೀವೇ ಅಂಟಿಸಿ.

ಹಳೆಯ ಗಾಡಿ ಕೊಳ್ಳುವವರು ಚೌಕಟ್ಟಿನ ಕೀಲುಗಳನ್ನು ಬಗ್ಗಿ ನೋಡಿ. ದಾರಿಗೆ ಎರಚುವ ಉಪ್ಪು ಉಕ್ಕಿನ ತಿರುಪುಗಳನ್ನು ತಿಂದುಹಾಕುತ್ತದೆ, ಬಿಳಿ ಪುಡಿಯೋ ಕಂದು ತುಕ್ಕೋ ಕಂಡರೆ ಬಿಟ್ಟುಬಿಡಿ. ನಿಮ್ಮ ಗಾಡಿಗೂ ಅದೇ ಗತಿ ಬಾರದಂತೆ ಮನೆಗೆ ಬಂದ ಮೇಲೆ ಚಕ್ರಗಳನ್ನು ಕಳಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿಡಿ. ಒತ್ತಿದೊಡನೆ ಕಳಚುವ ಚಕ್ರವಿರುವ ಗಾಡಿಯನ್ನೇ ಆರಿಸಿಕೊಂಡರೆ ಇದು ಎರಡು ನಿಮಿಷದ ಕೆಲಸ. ಆಗಾಗ ಅಚ್ಚಿಗೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ, ಅಡುಗೆಮನೆಯ ಎಣ್ಣೆ ಹಾಕಿದರೆ ಮರಳೆಲ್ಲ ಅಂಟಿಕೊಳ್ಳುತ್ತದೆ. ಬ್ರೇಕಿನ ಸಂದಿಯಲ್ಲಿ ಹಿಮ ಹೆಪ್ಪುಗಟ್ಟಿದ್ದರೆ ಬಾಗಿಲ ಹೊರಗೆ ನಿಂತು ಬಿಸಿನೀರು ಸುರಿಯಬೇಡಿ, ಅದೇ ನೀರು ಮತ್ತೆ ಗಡ್ಡೆಯಾಗುತ್ತದೆ. ಗಾಡಿಯನ್ನು ಒಳಗೆ ತಂದು ಹಿಮ ಕರಗಲು ಬಿಟ್ಟು, ಒಣಬಟ್ಟೆಯಿಂದ ಒರೆಸಿ, ಮರುದಿನ ಮಗುವನ್ನು ಕೂರಿಸುವ ಮುಂಚೆ ಬ್ರೇಕನ್ನು ಒತ್ತಿ ನೋಡಿ.