ಒಂದು ಗುಂಡಿ, ನೂರು ಉಂಡೆ: ಮಕ್ಕಳಿಗೆ ಕಡಲಾಮೆಯ ಪಾಠ ಹೇಳುವುದು ಹೀಗೆ

‘ಕಡಲಾಮೆಗಳು ನಾಶವಾಗುತ್ತಿವೆ’ ಎಂದು ಪಾಠ ಶುರು ಮಾಡಬೇಡಿ. ಏಳೆಂಟು ವರ್ಷದ ಮಗು ಕಡಲಾಮೆಯನ್ನು ನೋಡಿಯೇ ಇರುವುದಿಲ್ಲ. ನೋಡದ ಪ್ರಾಣಿಗಾಗಿ ಅದು ಹೇಗೆ ಮರುಗೀತು? ಮೊದಲು ಗುರುತು ಪರಿಚಯ ಆಗಲಿ.

ಒಂದೇ ಆಮೆಯನ್ನು ಆರಿಸಿಕೊಳ್ಳಿ. ನಮ್ಮ ಕರಾವಳಿಗೆ ಮೊಟ್ಟೆಯಿಡಲು ಹೆಚ್ಚಾಗಿ ಬರುವುದು ಆಲಿವ್ ರಿಡ್ಲೆ. ಒಡಿಶಾದ ಗಹಿರ್ಮಾತಾ, ಋಷಿಕುಲ್ಯ ತೀರಗಳಿಗೆ ಇವು ಲಕ್ಷಗಟ್ಟಲೆ ಒಟ್ಟಿಗೆ ಬರುತ್ತವೆ. ಹೊನ್ನಾವರದ ಕಾಸರಕೋಡು, ಕಾರವಾರ, ಕುಂದಾಪುರದ ಕಡೆ ಹಾಗಲ್ಲ. ಚಳಿಗಾಲದ ರಾತ್ರಿ ಒಂಟಿಯಾಗಿ ಬಂದು, ಮೊಟ್ಟೆಯಿಟ್ಟು ಹೋಗುತ್ತವೆ.

ಗುಂಡಿ ತೋಡಿಸಿ

ಶಾಲೆಯ ಅಂಗಳದಲ್ಲಿ ಒಂದು ಬುಟ್ಟಿ ಮರಳು ಇದ್ದರೂ ಸಾಕು. ಮಗುವನ್ನು ಮರಳಿಗೆ ಬೆನ್ನು ಹಾಕಿ ಕೂರಿಸಿ. ಕೈ ಹಿಂದೆ ಚಾಚಿ, ತಿರುಗಿ ನೋಡದೆ ಗುಂಡಿ ತೋಡಲಿ. ತಾಯಿ ಆಮೆ ತೋಡುವುದೂ ಹೀಗೆಯೇ, ಹಿಂಗಾಲಿನಿಂದ, ನೋಡದೆ. ಒಂದೂವರೆ ಅಡಿ ಆಳ. ಬಾಯಿ ಕಿರಿದು, ಹೊಟ್ಟೆ ಅಗಲ, ಥೇಟ್ ಬಿಂದಿಗೆಯ ಹಾಗೆ. ಎರಡು ನಿಮಿಷದಲ್ಲೇ ಮಕ್ಕಳ ಕೈ ಸೋಲುತ್ತದೆ. ಸೋಲಲಿ ಬಿಡಿ. ಆಮೆಯ ಮೇಲೆ ಗೌರವ ಹುಟ್ಟುವುದು ಅಲ್ಲೇ.

ಈಗ ಮೊಟ್ಟೆ. ಕೆಸರಿನಲ್ಲಿ ಪಿಂಗ್‌ಪಾಂಗ್ ಚೆಂಡಿನ ಗಾತ್ರದ ಉಂಡೆ ಮಾಡಿಸಿ. ಎಷ್ಟು? ನೂರರ ಮೇಲೆ. ಒಂದು ಆಮೆ ಒಮ್ಮೆಗೆ ಇಡುವುದು ಸುಮಾರು ಅಷ್ಟು. ಒಂದೊಂದನ್ನೂ ಎಣಿಸುತ್ತಾ ಒಳಗೆ ಇಳಿಸಲಿ. ಆಮೇಲೆ ಮರಳು ಮುಚ್ಚಿ, ಆಮೆಯ ಕುಣಿತ ಮಾಡಿಸಿ. ಆಲಿವ್ ರಿಡ್ಲೆ ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ಧಪ್ ಧಪ್ ಎಂದು ಮರಳು ಗಟ್ಟಿ ಮಾಡುತ್ತದೆ. ಮಕ್ಕಳಿಗೆ ಇದು ಬಲು ಇಷ್ಟ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಫೋಟೊದಲ್ಲಿ ಆಮೆಯ ಕಣ್ಣಲ್ಲಿ ನೀರಿದೆ, ಅದು ಅಳ್ತಾ ಇದ್ಯಾ? ಇಲ್ಲ. ಕಡಲಲ್ಲಿ ಬದುಕುವ ಜೀವ, ಮೈಯೊಳಗೆ ಸೇರಿದ ಜಾಸ್ತಿ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಯಿಂದ ಹೊರಹಾಕುತ್ತದೆ. ಸುಮ್ನೆ ‘ಪಾಪ, ಅಳ್ತಿದೆ’ ಎಂದು ಹೇಳಿಬಿಡಬೇಡಿ. ನಿಜ ಸಂಗತಿಯೇ ಹೆಚ್ಚು ಸೊಗಸಾಗಿದೆ, ಅಲ್ವಾ?

ತಾಯಿ ಮತ್ತೆ ಗೂಡಿನತ್ತ ಬರುವುದಿಲ್ಲ. ಮರಳಿನ ಬಿಸಿಯೇ ಕಾವು. ಅದರಲ್ಲೊಂದು ಅಚ್ಚರಿ: ಮರಳು ಹೆಚ್ಚು ಬಿಸಿಯಿದ್ದರೆ ಹೆಣ್ಣು ಮರಿ, ತಂಪಿದ್ದರೆ ಗಂಡು. ಬಿಸಿಲಲ್ಲೊಂದು, ನೆರಳಲ್ಲೊಂದು ಥರ್ಮಾಮೀಟರ್ ಹೂತು ವ್ಯತ್ಯಾಸ ಓದಿಸಿ. ಭೂಮಿ ಬಿಸಿಯೇರಿದರೆ ಆಮೆಗೇನು ತೊಂದರೆ ಎಂದು ಮಕ್ಕಳೇ ಕೇಳುತ್ತಾರೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಾಯಲಿ.

ಈಗ ಅಪಾಯದ ಮಾತು

ಕೋಣೆ ಕತ್ತಲು ಮಾಡಿ. ಕಿಟಕಿಯೊಂದನ್ನು ಸ್ವಲ್ಪ ತೆರೆಯಿರಿ, ಅದು ಕಡಲು. ಮಕ್ಕಳು ಮರಿಗಳಂತೆ ಬೆಳಕಿನ ಕಡೆ ತೆವಳಲಿ. ಅರ್ಧದಾರಿಯಲ್ಲಿ ಹಿಂದಿನಿಂದ ಟಾರ್ಚ್ ಹಾಕಿ. ಎಲ್ಲ ಮಕ್ಕಳ ತಲೆಯೂ ಅತ್ತ ತಿರುಗುತ್ತದೆ. ರಾತ್ರಿಯ ಕಡಲು ನೆಲಕ್ಕಿಂತ ಬೆಳ್ಳಗೆ ಕಾಣುತ್ತದೆ, ಮರಿ ಅದನ್ನೇ ನಂಬಿ ಹೊರಡುತ್ತದೆ. ರೆಸಾರ್ಟಿನ, ಬೀದಿದೀಪದ ಬೆಳಕು ಅದನ್ನು ರಸ್ತೆಗೆ ಎಳೆಯುತ್ತದೆ.

ಬಲೆಯ ಕಷ್ಟ ತಿಳಿಯಲು ಒಂದು ರಬ್ಬರ್ ಬ್ಯಾಂಡ್ ಸಾಕು. ಹೆಬ್ಬೆರಳಿಗೂ ಕಿರುಬೆರಳಿಗೂ ಸಿಕ್ಕಿಸಿ, ಅಂಗೈಯ ಹಿಂದಿನಿಂದ ಹಾಯಿಸಿ. ಇನ್ನೊಂದು ಕೈ ಮುಟ್ಟಿಸದೆ ಬಿಡಿಸಿಕೊಳ್ಳಲಿ. ಆಮೆಗೆ ಉಸಿರಾಡಲು ಮೇಲೆ ಬರಲೇಬೇಕು, ಬಲೆಯಲ್ಲಿ ಸಿಕ್ಕರೆ ಮುಳುಗಿ ಸಾಯುತ್ತದೆ ಎಂಬುದನ್ನು ಆಗ ಹೇಳಿ.

ಆದರೆ ಮೀನುಗಾರರನ್ನು ಖಳರಂತೆ ತೋರಿಸಬೇಡಿ. ಕರಾವಳಿಯ ತರಗತಿಯಲ್ಲಿ ಅವರ ಮಕ್ಕಳೇ ಕೂತಿರುತ್ತಾರೆ. ಗೂಡು ಮೊದಲು ಕಣ್ಣಿಗೆ ಬೀಳುವುದು, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟುವುದು ಎಷ್ಟೋ ಸಲ ಅವರಿಂದಲೇ. ದೋಣಿ ನೀರೊಳಗೆ ಎಳೆದೊಯ್ಯುವ ಚೀಲದಂಥ ಟ್ರಾಲ್ ಬಲೆಯಲ್ಲಿ ಆಮೆ ಹೊರಹೋಗಲು ಬಾಗಿಲಿಡುವ ಉಪಾಯವೂ ಇದೆ. ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ.

ತೀರಕ್ಕೆ ಕರೆದೊಯ್ದಾಗ

ಗೂಡು ಕಂಡರೆ ಕೆದಕಬಾರದು, ಮೊಟ್ಟೆ ಎತ್ತಬಾರದು. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಆಮೆಗೆ ಹುಲಿಯಷ್ಟೇ ರಕ್ಷಣೆಯಿದೆ. ಮರಿ ಕಂಡರೆ ಫ್ಲ್ಯಾಶ್ ಬೇಡ, ಸೆಲ್ಫಿ ಬೇಡ.

ಹೊರಡುವ ಮುನ್ನ ಒಂದು ಕೆಲಸ ಬಾಕಿ. ಮರಿ ಇರುವುದು ಹೆಬ್ಬೆರಳಿನಷ್ಟು ಉದ್ದ. ಮಕ್ಕಳು ಆಟಕ್ಕೆ ತೋಡಿದ ಗುಂಡಿಗೆ ಬಿದ್ದರೆ ಅದು ಹತ್ತಿ ಬರಲಾರದು. ಅಂಗೈ ಊರಿ, ತಾವು ತೋಡಿದ್ದನ್ನೆಲ್ಲ ಮಕ್ಕಳೇ ಸಮ ಮಾಡಲಿ.