ಅಮೆರಿಕದ ಕಾಲೇಜಿಗೆ ಅರ್ಜಿ: ಪಟ್ಟಿ ಮಾಡುವುದರಿಂದ ಎಸ್ಸೇ ಬರೆಯುವವರೆಗೆ

ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದ ಅಕ್ಕನ ಮಗಳು ಒಂದು ದಿನ ಫೋನ್ ಮಾಡಿ, "ಮಾಮ, ಡಿಗ್ರಿ ಅಮೆರಿಕದಲ್ಲೇ ಓದ್ಬೇಕು ಅಂತಿದೀನಿ, 22 ಕಾಲೇಜು ಆರಿಸಿದೀನಿ" ಅಂದಳು. ಪಟ್ಟಿ ಕಳಿಸಮ್ಮ ಅಂದೆ. ನೋಡಿದರೆ ಎಲ್ಲವೂ ಟೀ ಶರ್ಟ್ ಮೇಲೆ ಕಾಣುವ ಹೆಸರುಗಳೇ. ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟ್ ಕಾಮನ್ ಆ್ಯಪ್‌ನಲ್ಲಿ 20ಕ್ಕಿಂತ ಜಾಸ್ತಿ ಸೇರಿಸೋಕೇ ಆಗಲ್ಲ, ಅದೂ ಅವಳಿಗೆ ಗೊತ್ತಿರಲಿಲ್ಲ. ಆಮೇಲಿನ ಐದಾರು ತಿಂಗಳು ನಾವಿಬ್ಬರೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ

ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು, ಊಟ, ವಸತಿ ಎಲ್ಲಾ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ಅಂದರೆ 70 ಲಕ್ಷ ರೂಪಾಯಿಯ ಆಸುಪಾಸು, ಅದೂ ನಾಲ್ಕು ವರ್ಷ. ಇದನ್ನು ಮನೆಯವರ ಜೊತೆ ಕೂತು ಮೊದಲ ದಿನವೇ ಮಾತಾಡಿ, ಮುಜುಗರ ಪಡಬೇಡಿ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವೇ ಕಡೆ ಹೊರದೇಶದವರು ಹಣದ ಸಹಾಯ ಕೇಳಿದರೂ ಸೀಟು ಕೊಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೀಟು ಸಿಕ್ಕಿದರೆ ಮನೆಯ ಆದಾಯ ನೋಡಿ ಬೇಕಾದಷ್ಟು ಸಹಾಯ ಮಾಡುತ್ತಾರೆ. ಆದರೆ ಅಲ್ಲಿ ಸೀಟು ಸಿಗುವುದೇ ಕಷ್ಟ. ಬೇರೆ ಬಹಳಷ್ಟು ಕಾಲೇಜುಗಳಲ್ಲಿ ನೀವು ಎಷ್ಟು ಸಹಾಯ ಕೇಳಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬರ್ಕ್‌ಲಿ, ಯುಸಿಎಲ್ಎ ಎಲ್ಲಾ ಇರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಹೊರದೇಶದವರಿಗೆ ಆದಾಯ ನೋಡಿ ಸಹಾಯ ಕೊಡುವುದೇ ಇಲ್ಲ. ಇದೊಂದು ಸಾಲು ಓದಿದ ಮೇಲೆ ನಮ್ಮ ಹುಡುಗಿಯ ಪಟ್ಟಿಯಿಂದ ಒಂದೇ ಏಟಿಗೆ ನಾಲ್ಕು ಹೆಸರು ಹೋದವು.

ಅರ್ಜಿ ಶುಲ್ಕವೂ ಇದೆ, ಬಹಳ ಕಡೆ 75 ಡಾಲರ್‌ನ ಆಸುಪಾಸು. ಕಷ್ಟ ಇದ್ದರೆ ಮನ್ನಾ ಮಾಡಿ ಅಂತ ಕೇಳಬಹುದು. ಗ್ರಿನೆಲ್, ಕಾರ್ಲ್‌ಟನ್‌ನಂಥ ಸಣ್ಣ ಒಳ್ಳೆಯ ಕಾಲೇಜುಗಳಲ್ಲಿ ಶುಲ್ಕವೇ ಇಲ್ಲ.

ನಂತರ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಏನು ಓದಬಹುದು, ಸಹಾಯ ಎಷ್ಟು ಸಿಗಬಹುದು, ಕೊನೆಯ ದಿನ ಯಾವಾಗ, ಎಷ್ಟು ಎಸ್ಸೇ (ಅರ್ಜಿಯ ಜೊತೆ ಕೇಳುವ, ನಿಮ್ಮ ಬಗ್ಗೆ ನೀವೇ ಬರೆಯುವ ಪ್ರಬಂಧ) ಬರೆಯಬೇಕು. ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ. ಒಂದೊಂದು ಕಾಲೇಜು ಎರಡು ಮೂರು ಸಣ್ಣ ಎಸ್ಸೇ ಕೇಳಿದರೂ ಎಂಟು ಕಾಲೇಜಿಗೆ ಇಪ್ಪತ್ತರ ಹತ್ತಿರ ಆಗುತ್ತದೆ, ಅದರ ಜೊತೆಗೆ ಸೆಕೆಂಡ್ ಪಿಯುಸಿ ಪಾಠ, ಟ್ಯೂಷನ್, ಸಿಇಟಿ ತಯಾರಿ. ನನ್ನ ಪ್ರಕಾರ ಎಂಟು ಸಾಕು. ಸೀಟು ಸಿಗುವುದು ಕಷ್ಟ ಅನ್ನಿಸುವವು ಮೂರಿರಲಿ, ಉಳಿದವು ನಿಮ್ಮ ಅಂಕಕ್ಕೂ ಜೇಬಿಗೂ ಹೊಂದುವಂಥವಿರಲಿ.

ಕಾಗದಪತ್ರ ಬೇಗ ಶುರು ಮಾಡಿ

ಒಂಬತ್ತನೇ ಕ್ಲಾಸಿನಿಂದ ನಾಲ್ಕು ವರ್ಷದ ಅಂಕ ಕೇಳುತ್ತಾರೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಒಂದು ಕಡೆ, ಪಿಯುಸಿ ಇನ್ನೊಂದು ಕಡೆ ಆಗಿರುತ್ತಲ್ವಾ, ಹಾಗಾಗಿ ಹಳೇ ಹೈಸ್ಕೂಲಿಗೂ ಓಡಾಡಬೇಕು. ಅರ್ಜಿಯಲ್ಲಿ ಕೌನ್ಸೆಲರ್ (ಶಾಲೆಯಲ್ಲಿ ಮಾರ್ಗದರ್ಶನ ಮಾಡುವವರು) ಅನ್ನುವ ಜಾಗದಲ್ಲಿ ಪ್ರಿನ್ಸಿಪಾಲರ ಹೆಸರು, ಇಮೇಲ್ ಕೊಟ್ಟರೆ ನಡೆಯುತ್ತದೆ. ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೆ ಕನಿಷ್ಠ ಒಂದು ತಿಂಗಳು ಟೈಮ್ ಕೊಡಿ, ನೀವು ಅವರ ಕ್ಲಾಸಿನಲ್ಲಿ ಏನು ಮಾಡಿದಿರಿ ಅಂತ ಒಂದು ಹಾಳೆಯಲ್ಲಿ ನೆನಪಿಸಿ. "ಒಳ್ಳೆಯ ಹುಡುಗಿ, ಶಿಸ್ತಿನವಳು" ಅಂತಷ್ಟೇ ಬರೆದ ಪತ್ರದಿಂದ ಏನೂ ಉಪಯೋಗವಿಲ್ಲ.

ಈಗ ಎಸ್ಸೇ

ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಮುಖ್ಯ ಎಸ್ಸೇ 250ರಿಂದ 650 ಪದ. ಏಳು ಪ್ರಶ್ನೆಗಳಲ್ಲಿ ಒಂದಕ್ಕೆ ಬರೆಯಬೇಕು, ಏಳನೆಯದು "ನಿಮಗಿಷ್ಟವಾದ ವಿಷಯ", ಹಾಗಾಗಿ ಪ್ರಶ್ನೆ ಆರಿಸುವುದರಲ್ಲೇ ವಾರ ಕಳೆಯಬೇಡಿ.

ನಮ್ಮ ಹುಡುಗಿಯ ಮೊದಲ ಕರಡು ಶುರುವಾಗಿದ್ದು ಹೀಗೆ: ಚಿಕ್ಕಂದಿನಿಂದಲೂ ನನಗೆ ವಿಜ್ಞಾನವೆಂದರೆ ಪ್ರಾಣ. ಅದನ್ನು ಮುಚ್ಚಿಟ್ಟು ಕೇಳಿದೆ, "ಸ್ಕೂಲು ಬಿಟ್ರೆ ದಿನಾ ಏನ್ ಮಾಡ್ತೀಯೇ?"

"ಏನಿಲ್ಲ ಮಾಮ. ಭಟ್ಟಿ ಲೆಕ್ಕ ಬರೀತೀನಿ ಅಷ್ಟೆ."

ಅವರದ್ದು ಮಂಡಕ್ಕಿ ಭಟ್ಟಿ. ಉಪ್ಪುನೀರು ಹಾಕಿದ ಅಕ್ಕಿಯನ್ನು ಒಣಗಿಸಿ, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು ಚೀಲ ತುಂಬುತ್ತಾರೆ. ಎಷ್ಟು ಅಕ್ಕಿ ಹೋಯಿತು, ಎಷ್ಟು ಚೀಲ ಬಂತು ಅಂತ ಬರೆಯುವುದು ಇವಳ ಕೆಲಸ. ಮಳೆಗಾಲದಲ್ಲಿ ಅಷ್ಟೇ ಅಕ್ಕಿಗೆ ಚೀಲ ಕಮ್ಮಿ ಬರುತ್ತಿತ್ತಂತೆ. ಬೆಂಕಿ ಸಾಲುತ್ತಿಲ್ಲ ಅಂತ ಅಪ್ಪನ ಹತ್ತಿರ ವಾದ ಮಾಡಿದಳಂತೆ, ಬೆಂಕಿ ಜಾಸ್ತಿ ಮಾಡಿದರೆ ಮಂಡಕ್ಕಿ ಕಪ್ಪಾಯಿತು. ಅಪ್ಪ ನಕ್ಕರು. ಆಮೇಲೆ ಎರಡು ತಿಂಗಳು ಲೆಕ್ಕದ ಪಕ್ಕದಲ್ಲೇ ಅಂದಂದಿನ ಬಿಸಿಲು, ಮೋಡ ಬರೆದಿಟ್ಟಾಗ ಗೊತ್ತಾಯಿತು, ಅಕ್ಕಿ ಸರಿಯಾಗಿ ಒಣಗದೆ ಅರಳುತ್ತಿರಲಿಲ್ಲ, ಅಷ್ಟೇ. "ಇದನ್ನೇ ಬರಿ" ಅಂದೆ. "ಇದಾ? ಭಟ್ಟಿ ಹೊಗೆ ಬಗ್ಗೆ ಯಾರು ಓದ್ತಾರೆ ಮಾಮ?" ಅಂತ ಮುಖ ಸಣ್ಣ ಮಾಡಿದಳು.

ಅದಕ್ಕೂ ಮುಂಚೆ ಒಬ್ಬ ಕನ್ಸಲ್ಟೆಂಟ್ ಫೀಸು ಇಸಕೊಂಡು, ಅನಾಥಾಶ್ರಮಕ್ಕೆ ಒಂದು ದಿನ ಹೋಗಿ ಬಂದು ಅದರ ಮೇಲೆ ಬರೆ ಅಂದಿದ್ದರಂತೆ. ಅಂಥ ಎಸ್ಸೇಯಲ್ಲಿ ಬರೆದವರೇ ಕಾಣಿಸುವುದಿಲ್ಲ. ಕಾಲೇಜಿನಲ್ಲಿ ಎಸ್ಸೇ ಓದುವವರಿಗೆ ಬೇಕಿರುವುದು ನೀವು ಹೇಗೆ ಯೋಚಿಸುತ್ತೀರಿ ಅನ್ನುವುದು, ಎಲ್ಲಿ ತಪ್ಪು ಮಾಡಿದಿರಿ ಅನ್ನುವುದು ಸಹ. ಬೆಂಕಿ ಜಾಸ್ತಿ ಮಾಡಿ ಮಂಡಕ್ಕಿ ಸುಟ್ಟ ಭಾಗವನ್ನು ಅವಳು ತೆಗೆದುಹಾಕಲು ಹೊರಟಿದ್ದಳು, ನಾನು ಬಿಡಲಿಲ್ಲ.

ಬರೆಯುವ ಮುಂಚೆ ಕನ್ನಡದಲ್ಲೇ ಬಾಯಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಅದನ್ನು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆಯಿರಿ. ಸೀದಾ ಇಂಗ್ಲಿಷಿಗೆ ಕೈ ಹಾಕಿದರೆ ಗೈಡ್ ಪುಸ್ತಕದ ದೊಡ್ಡ ದೊಡ್ಡ ಪದಗಳೇ ಬರುತ್ತವೆ. ಭಟ್ಟಿ, ಮಂಡಕ್ಕಿ ಅನ್ನುವ ಪದಗಳನ್ನು ಹಾಗೇ ಇಟ್ಟು ನಾಲ್ಕು ಪದದಲ್ಲಿ ಅರ್ಥ ಹೇಳಿದರೆ ಸಾಕು. ಅವಳ ಎರಡನೇ ಕರಡು 1,100 ಪದ ಬಂತು. ಮೊದಲ ಪ್ಯಾರಾ ಪೂರ್ತಿ ಹೊಡೆದು ಹಾಕಿದೆವು, ಎಸ್ಸೇಗೆ ಏನೂ ನಷ್ಟವಾಗಲಿಲ್ಲ.

ಎಐ ಹತ್ತಿರ ಬರೆಸಿ ನಿಮ್ಮದು ಅಂತ ಕಳಿಸುವುದನ್ನು ಕಾಮನ್ ಆ್ಯಪ್ ನಿಯಮ ವಂಚನೆ ಅಂತಲೇ ಹೇಳುತ್ತದೆ. ಸುಮ್ನೆ ರಿಸ್ಕ್ ಬೇಡ.

"ನಮ್ಮ ಕಾಲೇಜೇ ಯಾಕೆ?" ಅನ್ನುವ ಸಣ್ಣ ಎಸ್ಸೇಗೆ ಕಾಲೇಜಿನ ಕೋರ್ಸ್ ಪಟ್ಟಿ ತೆರೆದು ಕೂತು, ನಿಮಗೆ ನಿಜವಾಗಲೂ ಕೂರಬೇಕು ಅನ್ನಿಸುವ ಎರಡು ತರಗತಿ ಹುಡುಕಿ. ಕ್ಯಾಂಪಸ್ ಚೆನ್ನಾಗಿದೆ ಅಂತ ಅವರಿಗೇ ಗೊತ್ತು.

ದಿನಾಂಕಗಳು

ಅರ್ಲಿ ಡಿಸಿಷನ್‌ಗೆ ಸಾಮಾನ್ಯವಾಗಿ ನವೆಂಬರ್ 1 ಕೊನೆ. ಅದು ಒಂದೇ ಕಾಲೇಜಿಗೆ, ಸೀಟು ಸಿಕ್ಕರೆ ಸೇರುತ್ತೇನೆ ಅಂತ ಸಹಿ ಹಾಕಿದ ಹಾಗೆ, ಹಾಗಾಗಿ ದುಡ್ಡಿನ ವಿಷಯ ಖಚಿತ ಇಲ್ಲದಿದ್ದರೆ ಮುಟ್ಟಬೇಡಿ. ರೆಗ್ಯುಲರ್ ಅರ್ಜಿಗೆ ಬಹಳ ಕಡೆ ಜನವರಿ ಮೊದಲ ವಾರ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ್ದು ನವೆಂಬರ್ ಕೊನೆಯ ಹೊತ್ತಿಗೆ, ಅವರದ್ದೇ ಬೇರೆ ಅರ್ಜಿ, ಎಂಟು ಪ್ರಶ್ನೆಯಲ್ಲಿ ನಾಲ್ಕಕ್ಕೆ 350 ಪದದೊಳಗೆ ಉತ್ತರ. ಎಂಐಟಿಯದ್ದೂ ಬೇರೆ ಅರ್ಜಿ. ನಿಮ್ಮ ಪ್ರಿಪರೇಟರಿ ಪರೀಕ್ಷೆ ಬರುವುದೂ ಅದೇ ಹೊತ್ತಿಗೆ, ದಸರಾ ರಜೆಯಲ್ಲೇ ಮುಖ್ಯ ಎಸ್ಸೇ ಮುಗಿಸಿಬಿಡಿ.

ಇನ್ನೊಂದು ಸಣ್ಣ ವಿಷಯ, ನಮ್ಮವರಿಗೆ ಮಾತ್ರ ಬರುವ ತಲೆನೋವು: ಇನಿಷಿಯಲ್. ಇವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಪಕ್ಕ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಅಮೆರಿಕದ ಕಾಲೇಜುಗಳ ಪ್ರವೇಶಕ್ಕೆ ಬರೆಯುವ ಎಸ್ಎಟಿ ಪರೀಕ್ಷೆಗೆ ಒಂದು ರೀತಿ, ಅರ್ಜಿಗೆ ಇನ್ನೊಂದು ರೀತಿ ಬರೆದು, ಅದನ್ನು ಸರಿಮಾಡಿಸಲು ಡಿಸೆಂಬರಿನಲ್ಲಿ ಒಂದು ವಾರ ಬರೀ ಇಮೇಲ್ ಬರೆಯುತ್ತಾ ಕೂತಿದ್ದಳು. ಮೊದಲ ಫಾರಂನಿಂದಲೇ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ತುಂಬಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅಂದರೆ ಕಾಲೇಜು ಹುಡುಕುವುದಕ್ಕೂ ಮೊದಲು ಅದನ್ನು ಮಾಡಿಸಿ.